ನೀರಿನ ಕಂಬ ದಾಟಿ ನಿಲ್ಲಿಸಿದ ಡ್ರೈವರು

ಉಗಿ ಎಂಜಿನ್ನುಗಳ ಕಾಲವನ್ನು ಕುರಿತು ಈಚೆಗೆ ಬರೆಯುತ್ತಿರುವವರಲ್ಲಿ ಹೆಚ್ಚಿನವರು ತಮ್ಮ ಕಿವಿಯೊಳಗಿಂದ ಒಂದು ಚಿಟಿಕೆ ಕಲ್ಲಿದ್ದಲ ಪುಡಿಯನ್ನೂ ತೆಗೆದವರಲ್ಲ. ಅವರ ಬರಹಗಳಲ್ಲಿ ಡ್ರೈವರುಗಳು ಎಂಜಿನ್ನನ್ನು ತಬ್ಬಿಕೊಂಡು ಅಳುತ್ತಾರೆ, ಫೈರ್‌ಮನ್ನುಗಳು ಹೊಗೆಯನ್ನು ನೋಡಿ ಹಾಡು ಕಟ್ಟುತ್ತಾರೆ, ಹೆಂಡಂದಿರು ಸಿಳ್ಳೆ ಕೇಳಿದೊಡನೆ ಒಲೆಯ ಮೇಲಿನದನ್ನು ಸೀಯಲು ಬಿಟ್ಟು ಬಾಗಿಲಿಗೆ ಓಡಿಬರುತ್ತಾರೆ. ನಾನು ನನ್ನ ನೌಕರಿಯ ಬಹುಭಾಗವನ್ನು ಒಂದು ಮಧ್ಯಮ ದರ್ಜೆಯ ನಿಲ್ದಾಣದ ಮಾಸ್ಟರಾಗಿ ಕಳೆದವನು. ಉಗಿ ಹೋಗಿ ಡೀಸೆಲ್ ಬಂದ ವರ್ಷಗಳಲ್ಲಿ ಅಲ್ಲಿಯೇ ಇದ್ದೆ. ಇಂಥ ಒಂದು ದೃಶ್ಯವನ್ನೂ ನಾನು ಕಾಣಲಿಲ್ಲ. ಕಂಡದ್ದು ಬೇರೆ. ಅದನ್ನು ಒಬ್ಬ ಡ್ರೈವರನ ವಿಷಯವಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಆತನನ್ನು ನಿಲ್ದಾಣದಲ್ಲಿ ಎಲ್ಲರೂ ಗುಂಡುಸೂಜಿ ಎಂದು ಕರೆಯುತ್ತಿದ್ದರು. ಮೈಕಟ್ಟಿಗೂ ಆ ಹೆಸರಿಗೂ ಏನೇನೂ ಸಂಬಂಧವಿರಲಿಲ್ಲ. ಬಾಗಿಲಿನ ಅಗಲಕ್ಕೆ ಸರಿಹೋಗುವ ಆಳು ಆತ. ಹೆಸರು ಬಂದದ್ದು ಕೆಲಸದಿಂದ. ಉಗಿ ಎಂಜಿನ್ನಿನ ಹಿಂದೆ ಕಲ್ಲಿದ್ದಲು ಮತ್ತು ನೀರು ತುಂಬಿದ ಟೆಂಡರ್ ಎಂಬ ಬಂಡಿಯೊಂದು ಇರುತ್ತದೆ. ನಮ್ಮ ನಿಲ್ದಾಣದಲ್ಲಿ ಪ್ರತಿಯೊಂದು ಗಾಡಿಯ ಎಂಜಿನ್ನೂ ನೀರು ಕುಡಿಯಬೇಕಿತ್ತು. ಅದಕ್ಕಾಗಿ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ಎರಡು ಹಳಿಗಳ ನಡುವೆ, ಒಂದು ನೀರಿನ ಕಂಬ ನಿಂತಿತ್ತು. ಕಂಬಕ್ಕೆ ತಿರುಗುವ ತೋಳು, ತೋಳಿನ ತುದಿಗೆ ಜೋತುಬಿದ್ದ ಚರ್ಮದ ಕೊಳವೆ. ಟೆಂಡರಿನ ನೆತ್ತಿಯ ಮೇಲಿರುವ ಬಾಯಿ ಆ ಕೊಳವೆಯ ಕೆಳಗೇ ಬಂದು ನಿಲ್ಲಬೇಕು. ಸ್ವಲ್ಪ ಹಿಂದಾದರೆ ಕೊಳವೆ ಎಟುಕದು. ಮುಂದಾದರೆ ಇಡೀ ಗಾಡಿಯನ್ನು ಹಿಂದಕ್ಕೆ ನೂಕಬೇಕು, ಬೋಗಿಗಳಲ್ಲಿ ಎದ್ದು ನಿಂತವರು ಒಬ್ಬರ ಮೇಲೊಬ್ಬರು ಬೀಳಬೇಕು. ಉಳಿದ ಡ್ರೈವರುಗಳು ಎರಡು ಸಲವೋ ಮೂರು ಸಲವೋ ಸರಿಮಾಡಿ ನಿಲ್ಲಿಸುವರು. ಈತ ಒಂದೇ ಸಲಕ್ಕೆ, ಕಾಗದಕ್ಕೆ ಗುಂಡುಸೂಜಿ ಚುಚ್ಚಿದಂತೆ, ಟೆಂಡರಿನ ಬಾಯನ್ನು ಕೊಳವೆಗೆ ಒಡ್ಡುತ್ತಿದ್ದ. ಪ್ರಯಾಣಿಕರ ಕೈಯಲ್ಲಿದ್ದ ಚಹಾ ತುಳುಕುತ್ತಿರಲಿಲ್ಲ.

ಎಂಜಿನ್ ಒರೆಸುವ ಕೆಲಸಕ್ಕೆ ಸೇರಿ, ಬೆಂಕಿಗೆ ಕಲ್ಲಿದ್ದಲು ಎಸೆಯುವ ಸನಿಕೆ ಹಿಡಿದು ಫೈರ್‌ಮನ್ ಆಗಿ, ಸರಕು ಗಾಡಿ ಓಡಿಸಿ, ಪ್ಯಾಸೆಂಜರ್ ಗಾಡಿಗೆ ಬಂದವನು ಆತ. ಈ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರಿ ಹತ್ತಿದವನಲ್ಲ. ಬಲಗಿವಿ ಮಂದವಾಗಿತ್ತು. ಮೊಣಕೈಯ ಮೇಲೆ, ಕಾದ ಕೊಳವೆ ತಾಗಿದ ಜಾಗದಲ್ಲಿ, ಕೂದಲು ಬೆಳೆಯುತ್ತಿರಲಿಲ್ಲ. ವೃತ್ತಿಯಿಂದ ಆತನ ಮೈಗೆ ಬಂದ ಆಸ್ತಿ ಇಷ್ಟೆ. ಇದನ್ನು ಆತ ಯಾರಿಗೂ ತೋರಿಸುತ್ತಿರಲಿಲ್ಲ.

ರೈಲ್ವೆ ವಸತಿಯ ಸಾಲಿನಲ್ಲಿ ಆತನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಉಗಿಯ ಕಾಲದಲ್ಲಿ ಆ ಕಲ್ಲಿನ ಬಳಿ ಯಾವಾಗಲೂ ಎರಡು ಬಕೆಟ್ಟುಗಳಿರುತ್ತಿದ್ದವು: ಒಂದು ಮನೆಯವರ ಬಟ್ಟೆಗೆ, ಇನ್ನೊಂದು ಆತನ ಬಟ್ಟೆಗೆ. ಎರಡನೆಯದರಲ್ಲಿ ಸೋಡಾ ಪುಡಿ ಹಾಕಿ ರಾತ್ರಿಯಿಡೀ ನೆನೆಸಿದರೂ ಬೆಳಗ್ಗೆ ನೀರು ಮಸಿಯಂತೆ ಹರಿಯುವುದು. ದಿಂಬಿನ ಹೊದಿಕೆಯಲ್ಲಿ ಕಿವಿ ತಾಗುವ ಕಡೆ ಒಂದು ಕಪ್ಪು ಬಿಲ್ಲೆ. ಅದು ಯಾವ ಸಾಬೂನಿಗೂ ಜಗ್ಗಲಿಲ್ಲ. ವಾರಕ್ಕೊಮ್ಮೆಯಾದರೂ ಕಣ್ಣಲ್ಲಿ ಕಿಡಿ ಹೊಕ್ಕು ಆತ ಬಾಗಿಲ ಬೆಳಕಿಗೆ ಮುಖವೊಡ್ಡಿ ಕುಳಿತುಕೊಳ್ಳುವನು; ಹೆಂಡತಿ ಬಟ್ಟೆಯ ತುದಿಯನ್ನು ಹುರಿಮಾಡಿ ಅದನ್ನು ತೆಗೆಯುವಳು. ಸಿಳ್ಳೆಗೆ ಬಾಗಿಲಿಗೆ ಓಡಿಬರುತ್ತಿದ್ದಳೇ ಎಂದು ಕೇಳಿದರೆ, ಇಲ್ಲ; ಹೊರಗೆ ಒಣಹಾಕಿದ ಬಟ್ಟೆಗಳನ್ನು ಒಳಗೆ ತರಲು ಓಡುತ್ತಿದ್ದಳು.

ಡೀಸೆಲ್ ಬರುತ್ತದೆಂದು ಆದೇಶವಾದಾಗ ಇಲಾಖೆ ಉಗಿಯ ಡ್ರೈವರುಗಳ ಮುಂದೆ ಇಟ್ಟ ಮಾತು ಸರಳವಾಗಿತ್ತು. ತರಬೇತಿ ಶಾಲೆಗೆ ಹೋಗಿ ಕಲಿತು, ಬಳಿಕ ಇನ್‌ಸ್ಪೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆಯ ಓಟ ಮಾಡಬೇಕು. ಮೂರು ಅವಕಾಶ. ಮೂರರಲ್ಲಿಯೂ ತಪ್ಪಿದವನು ಹೆಚ್ಚುವರಿ ಸಿಬ್ಬಂದಿ. ಅಂಥವನನ್ನು ದೂರದ ಯಾವುದೋ ಉಗ್ರಾಣದ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸುತ್ತಾರೆ. ಗುಂಡುಸೂಜಿಗೆ ನಿವೃತ್ತಿಗೆ ಇನ್ನೂ ಹಲವು ವರ್ಷಗಳಿದ್ದವು. ಡ್ರೈವರಾಗಿ ಉಳಿಯಬೇಕು, ಉಗ್ರಾಣದ ಬಾಗಿಲು ಕಾಯಬಾರದು: ಆತನಿಗೆ ಬೇಕಿದ್ದುದು ಇದೊಂದೇ. ಉಗಿ ಉಳಿಯಬೇಕೆಂದು ಆತ ಒಂದು ದಿನವಾದರೂ ಆಡಿದ್ದನ್ನು ನಾನು ಕೇಳಲಿಲ್ಲ.

ಅಷ್ಟೇ ಅಲ್ಲ, ಡೀಸೆಲ್ಲು ಆತನಿಗೆ ಹಿಡಿಸಿತ್ತು. ಕುಳಿತು ಓಡಿಸಬಹುದು. ಮುಂದೆ ಗಾಜು. ತರಬೇತಿಯಿಂದ ಮೊದಲ ಸಲ ಮನೆಗೆ ಬಂದ ದಿನ ಬಾಗಿಲು ತೆರೆದ ಹೆಂಡತಿ ಆತನ ಬಿಳಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಯಾರ್ರೀ ನೀವು? ನಮ್ಮೆಜಮಾನ್ರು ಇನ್ನೂ ಬಂದಿಲ್ಲ. ಆಮೇಲೆ ಬನ್ನಿ" ಎಂದಳು.

"ಅವನಿನ್ನು ಬರಲ್ಲ. ಇನ್ಮೇಲೆ ಇವನ ಜೊತೆಗೇ ಸಂಸಾರ ಮಾಡು."

"ಇವ್ರು ಬಟ್ಟೆ ಒಕ್ಕೋತಾರಾ?"

"ಒಗೆಯೋ ಹಾಗೇನೂ ಆಗಿಲ್ವಲ್ಲೇ!"

ಗೋಡೆಯ ಈಚೆ ನಾವೂ ನಕ್ಕೆವು.

ಮೊದಲ ಪರೀಕ್ಷೆಯ ಓಟ ನಮ್ಮ ನಿಲ್ದಾಣಕ್ಕೆ ಬರುವ ಹಗಲಿನ ಪ್ಯಾಸೆಂಜರ್ ಗಾಡಿಯದು. ಇಲ್ಲಿ ಒಂದು ವಿವರ ಅಗತ್ಯ. ಡೀಸೆಲ್ಲಿನ ಎಳೆತ ಹೆಚ್ಚು. ಆದ್ದರಿಂದ ಗಾಡಿಗೆ ಎರಡು ಬೋಗಿ ಹೆಚ್ಚಿಗೆ ಜೋಡಿಸಿದ್ದರು. ಬೋಗಿಗಳೆಲ್ಲ ಪ್ಲಾಟ್‌ಫಾರ್ಮಿನೊಳಗೆ ಬರಬೇಕಾದರೆ ಎಂಜಿನ್ನು ನೀರಿನ ಕಂಬವನ್ನು ದಾಟಿ ಇನ್ನೂ ಮುಂದೆ ಹೋಗಿ ನಿಲ್ಲಬೇಕಿತ್ತು. ಆ ಜಾಗದಲ್ಲಿ ಹಳದಿ ಬಣ್ಣದ ಒಂದು ಫಲಕ ನೆಟ್ಟಿದ್ದರು. ಕಂಬದ ಬಳಿಯೇ ನಿಲ್ಲಿಸಿದರೆ ಕೊನೆಯ ಎರಡು ಬೋಗಿಗಳು ಪ್ಲಾಟ್‌ಫಾರ್ಮಿಗೆ ಹಿಂದಿರುವ ಸಣ್ಣ ಸೇತುವೆಯ ಮೇಲೆ ಉಳಿಯುತ್ತವೆ.

ಗಾಡಿ ಬಂತು. ಸದ್ದಿಲ್ಲದೆ, ಕುಲುಕಿಲ್ಲದೆ, ಅತ್ಯಂತ ಸೊಗಸಾಗಿ ನಿಂತಿತು. ನೀರಿನ ಕಂಬದ ಬಳಿ.

ಗುಂಡುಸೂಜಿ ಕಿಟಕಿಯಿಂದ ತಲೆ ಹೊರಹಾಕಿ, ಟೆಂಡರಿನ ಬಾಯಿ ಸರಿಯಾಗಿ ಬಂದಿದೆಯೇ ಎಂದು ಹಿಂದಿರುಗಿ ನೋಡಿದ. ಟೆಂಡರೇ ಇರಲಿಲ್ಲ. ಅಷ್ಟರಲ್ಲಿ ಕಂಬದ ಕೆಲಸ ನೋಡಿಕೊಳ್ಳುತ್ತಿದ್ದ ಪಾಯಿಂಟ್ಸ್‌ಮನ್ ತಾನೂ ಬಂದು, ಕಂಬದ ಸರಪಳಿ ಎಳೆದು, ತೋಳನ್ನು ತಿರುಗಿಸಿಯೇಬಿಟ್ಟ. ಹೊಸ ಡೀಸೆಲ್ಲಿನ ಕಿಟಕಿಯ ಮುಂದೆ ಚರ್ಮದ ಕೊಳವೆ ತೊಟ್ಟಿಕ್ಕುತ್ತ ತೂಗಾಡತೊಡಗಿತು.

"ಏನ್ರೀ ಇದು, ಸ್ನಾನ ಮಾಡಿಸ್ತೀರಾ ಎಂಜಿನ್ನಿಗೆ?" ಎಂದು ಇನ್‌ಸ್ಪೆಕ್ಟರು ಒಳಗಿನಿಂದ ಕೂಗಿದರು.

"ಇವ್ರು ಬಂದು ಇಲ್ಲಿ ನಿಂತ್ರೆ ನನ್ ಕೈ ತಾನಾಗೇ ಸರಪಳಿಗೆ ಹೋಗುತ್ತೆ ಸಾರ್. ಬೈಯೋದಾದ್ರೆ ಅವ್ರಿಗೆ ಬೈರಿ" ಎಂದ ಪಾಯಿಂಟ್ಸ್‌ಮನ್.

ಹಿಂದಿನ ಬೋಗಿಗಳಿಂದ ಕೂಗಾಟ ಕೇಳಿಸಿತು. ಗಾಡಿಯನ್ನು ಮುಂದಕ್ಕೆ ಎಳೆಸಿ ಜನರನ್ನು ಇಳಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಇನ್‌ಸ್ಪೆಕ್ಟರು ವಯಸ್ಸಿನಲ್ಲಿ ಆತನಿಗಿಂತ ಬಹಳ ಚಿಕ್ಕವರು, ಆದರೆ ನ್ಯಾಯವಂತರು. "ನಿಲ್ಸಿದ್ದು ಬೆಣ್ಣೆ ಥರ ಇತ್ತು. ಎಲ್ಲಿ ನಿಲ್ಸಿದ್ರಿ ಅನ್ನೋದೇ ತೊಂದರೆ. ಪಾಸು ಮಾಡೋಕಾಗಲ್ಲ" ಎಂದಷ್ಟೇ ಹೇಳಿ ಇಳಿದು ಹೋದರು.

ಎರಡನೆಯ ಓಟದಲ್ಲಿ ಆತ ಎಚ್ಚರದಿಂದಿದ್ದ. ಕಂಬದ ಬಳಿ ನಿಲ್ಲಿಸಬಾರದು ಎಂದು ದಾರಿಯುದ್ದಕ್ಕೂ ನೆನಪಿಸಿಕೊಂಡೇ ಬಂದನಂತೆ. ಆದರೂ ಬ್ರೇಕು ಮೊದಲೇ ಬಿದ್ದುಹೋಯಿತು. ಬಿಟ್ಟು ಮತ್ತೆ ಹಿಡಿಯುವಷ್ಟರಲ್ಲಿ ಗಾಡಿ ಕಂಬವನ್ನು ಒಂದು ಬೋಗಿಯಷ್ಟು ದಾಟಿ ನಿಂತಿತು. ಕೊನೆಯ ಬೋಗಿ ಸೇತುವೆಯ ಮೇಲೆ. ಅದರಲ್ಲಿದ್ದ ಬಟ್ಟೆ ವ್ಯಾಪಾರಿಯೊಬ್ಬರು ಗಂಟನ್ನು ಎದೆಗವಚಿಕೊಂಡು, ಕೆಳಗೆ ನೋಡದೆ ಇಳಿದು, ಸೇತುವೆಯ ಅಂಚಿನಿಂದ ಕಲ್ಲುರಾಶಿಗೆ ಉರುಳಿದರು. ಮುಂಗೈ ಮೂಳೆ ಮುರಿಯಿತು. ನಾವು ಓಡಿಹೋದಾಗ ಅವರು ಕುಳಿತಲ್ಲಿಂದಲೇ, "ಪ್ಲಾಟ್‌ಫಾರ್ಮ್ ಎಲ್ರೀ? ಮಾರ್ಕೊಂಡ್‌ಬಿಟ್ರಾ?" ಎಂದು ಅರಚುತ್ತಿದ್ದರು.

ಗುಂಡುಸೂಜಿ ಎಂಜಿನ್ನಿನಿಂದ ಇಳಿದು ಗಾಡಿಯುದ್ದಕ್ಕೂ ನಡೆದುಬಂದ. ವ್ಯಾಪಾರಿಯ ಗಂಟನ್ನು ತನ್ನ ಹೆಗಲಿಗೇರಿಸಿ, ಆಸ್ಪತ್ರೆಯವರೆಗೆ ಅವರ ಜೊತೆಗೆ ಹೋದ. ಗಾಡಿಯನ್ನು ಇನ್‌ಸ್ಪೆಕ್ಟರೇ ಮುಂದಕ್ಕೆ ಕೊಂಡೊಯ್ದರು. ಹೋಗುವ ಮುನ್ನ ನನ್ನೊಡನೆ, "ಇನ್ನೊಂದೇ ಅವಕಾಶ ಇರೋದು ಸಾರ್. ಅದೂ ಹೀಗೇ ಆದ್ರೆ ನನ್ ಕೈಲಿ ಏನೂ ಇಲ್ಲ" ಎಂದರು. ಕೊನೆಯ ಓಟಕ್ಕೆ ತಿಂಗಳ ಮೇಲಿನ ಒಂದು ದಿನ ಗೊತ್ತಾಯಿತು.

ಮರುದಿನ ಗುಂಡುಸೂಜಿ ನನ್ನ ಕಚೇರಿಗೆ ಬಂದು, ಕೂರೆಂದರೂ ಕೂರದೆ, "ಸಾರ್, ಆ ಕಂಬ ಕೀಳಿಸಿ" ಎಂದ.

ಇದನ್ನು ಓದುಗರು ದಯವಿಟ್ಟು ಗಮನಿಸಬೇಕು. ನೀರಿನ ಕಂಬವನ್ನು ಕೀಳಲು ಬಂದವರ ಮುಂದೆ ಈ ಡ್ರೈವರು ಅಡ್ಡ ಮಲಗಿದನೆಂದು ಮಹಾಶಯರೊಬ್ಬರು ಸಚಿತ್ರ ಲೇಖನವನ್ನೇ ಬರೆದಿದ್ದಾರೆ. ಅದು ಶುದ್ಧ ಸುಳ್ಳು. ಅಡ್ಡ ಮಲಗುವುದಿರಲಿ, ಕೀಳಿಸಿ ಎಂದು ಕೇಳಿದವನೇ ಆತ. ಕೇಳಿದ್ದು ನನ್ನನ್ನು, ನನ್ನ ಮೇಜಿನ ಮುಂದೆ ನಿಂತು. ನಾನು ಅದನ್ನು ಮೇಲಿನವರಿಗೆ ಬರೆದೆ. ಉಗಿಯ ಸರಕು ಗಾಡಿಯೊಂದು ಇನ್ನೂ ಓಡುತ್ತಿರುವುದರಿಂದ ಕಂಬ ಅಗತ್ಯವೆಂದು ಉತ್ತರ ಬಂತು. ಉತ್ತರ ಸರಿಯಾಗಿಯೇ ಇತ್ತು.

ಆ ಸಂಜೆ ಆತನ ಮನೆಯ ಹಿಂದಿನ ಕಲ್ಲಿನ ಬಳಿ ಮೂವರು ಕುಳಿತಿದ್ದರು: ಆತ, ಹೆಂಡತಿ, ಹೆಂಡತಿಯ ತಮ್ಮ. ಈ ಬಾಮೈದ ಅದೇ ಪ್ಯಾಸೆಂಜರ್ ಗಾಡಿಯ ಗಾರ್ಡು. ಬಾಯಿ ಸುಮ್ಮನಿರದ ಮನುಷ್ಯ. ಬೇಲಿಯ ಈಚೆ ಗಿಡಗಳಿಗೆ ನೀರು ಹಾಕುತ್ತಿದ್ದ ನನ್ನನ್ನೂ ಕರೆದರು.

"ಭಾವ, ಕಿತ್ತು ಹಾಕೋಕಾಗದಿದ್ರೆ ಆ ಕಂಬಕ್ಕೊಂದು ಕಂಬಳಿ ಹೊದಿಸಿಬಿಡೋಣ. ನಿಮಗೆ ಗುರುತೇ ಸಿಗಬಾರದು" ಎಂದ ಗಾರ್ಡು.

"ನೀನು ಹಿಂದೆ ಡಬ್ಬಿಯಲ್ಲಿ ಕೂತು ಬಾವುಟ ಅಲ್ಲಾಡಿಸೋನು. ನಿನಗೇನೋ ಗೊತ್ತು?"

"ನನ್ನ ಡಬ್ಬಿ ಎರಡು ಸಲಾನೂ ಸೇತುವೆ ಆಚೆ ನಿಂತಿತ್ತು ಭಾವ. ನನಗಲ್ದೆ ಇನ್ಯಾರಿಗೆ ಗೊತ್ತು?"

ಹೆಂಡತಿ ಬಟ್ಟೆ ಹಿಂಡುತ್ತಲೇ, "ಕಂಬ ಏನ್ ಮಾಡ್ತು ಪಾಪ? ಅದು ನಿಂತಲ್ಲೇ ನಿಂತಿದೆ. ಅದರ ಹತ್ರ ಹೋಗಿ ನಿಲ್ತಿರೋರು ನೀವು" ಎಂದಳು. "ಕಂಬಾನ ನೋಡಿ ನಿಲ್ಲಿಸ್ತೀರಾ, ಇಲ್ಲ ಸುಮ್ನೆ ಕೈ ಹೋಗುತ್ತಾ, ಅದನ್ನ ಹೇಳಿ ಮೊದ್ಲು."

ಇಷ್ಟು ವರ್ಷ ಮಾಡಿದ ಕೆಲಸವನ್ನು ತಾನು ಹೇಗೆ ಮಾಡುತ್ತಿದ್ದೆನೆಂಬುದು ಆತನಿಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದು ಆತ ಆ ವಾರದ ರಜೆಯ ದಿನ ಗಾರ್ಡಿನ ಡಬ್ಬಿಯಲ್ಲಿ ಕುಳಿತು ಬಂದ. ಇದಕ್ಕೆ ನಿಯಮದಲ್ಲಿ ಅವಕಾಶವಿದೆ. ನಾನೇ ಚೀಟಿ ಬರೆದುಕೊಟ್ಟಿದ್ದೆ. ಕಣ್ಣು ಮುಚ್ಚಿಕೊಂಡು ಬೆಂಚಿನ ಮೇಲೆ ಕುಳಿತಿದ್ದನಂತೆ. ಡಬ್ಬಿಯ ಗಾಲಿಗಳು ಸಣ್ಣ ಸೇತುವೆಯನ್ನು ಹತ್ತಿ ಸದ್ದು ಬದಲಾದದ್ದೇ ತಡ, ಬಲಗೈ ತಾನಾಗಿ ಎದ್ದು, ಇಲ್ಲದ ಹಿಡಿಯೊಂದನ್ನು ಹಿಡಿದು ಎಳೆಯಿತು.

"ಭಾವ, ಕಣ್ಣು ಬಿಡಿ! ನಿಮ್ ಕೈ ನೋಡ್ಕೊಳಿ!" ಎಂದು ಗಾರ್ಡು ಕೂಗಿಕೊಂಡ.

ಆಗ ಎಲ್ಲವೂ ಸ್ಪಷ್ಟವಾಯಿತು. ಸೇತುವೆಗೆ ಮೊದಲು ಹಳಿ ಬಾಗುತ್ತದೆ. ಉಗಿ ಎಂಜಿನ್ನಿನಲ್ಲಿ ಡ್ರೈವರನ ಮುಂದೆ ಉದ್ದನೆಯ ಬಾಯ್ಲರು ಅಡ್ಡವಿರುವುದರಿಂದ ಆ ಬಾಗಿನಲ್ಲಿ ಆತನಿಗೆ ಕಂಬ ಕಾಣುವುದಿಲ್ಲ. ಎದುರು ಬದಿಯಲ್ಲಿರುವ ಫೈರ್‌ಮನ್ನಿಗೆ ಕಾಣುತ್ತದೆ. ಆದ್ದರಿಂದ ಸೇತುವೆ ಹತ್ತಿದೊಡನೆ ಫೈರ್‌ಮನ್ "ನೀರು!" ಎಂದು ಕೂಗುವನು, ಆ ಕೂಗಿಗೆ ಡ್ರೈವರು ಬ್ರೇಕು ಹಿಡಿಯುವನು. ಇದು ಯಾವ ನಿಯಮದಲ್ಲಿಯೂ ಇಲ್ಲ. ನಮ್ಮ ನಿಲ್ದಾಣದ ಮಟ್ಟಿಗೆ ಅವರವರೇ ಮಾಡಿಕೊಂಡ ಏರ್ಪಾಡು. ಗುಂಡುಸೂಜಿಯ ಜೊತೆಯಲ್ಲಿ ಹನ್ನೊಂದು ವರ್ಷ ಹೀಗೆ ಕೂಗಿದವನು ಒಬ್ಬನೇ ಫೈರ್‌ಮನ್. ಡೀಸೆಲ್ಲಿನಲ್ಲಿ ಕೂಗುವವನಿರಲಿಲ್ಲ, ಮುಂದೆ ಅಡ್ಡವೂ ಇರಲಿಲ್ಲ. ಆದರೆ ಸೇತುವೆಯ ಸದ್ದು ಇತ್ತು, ಕೈಗೆ ಅದೇ ಸಾಕಾಗಿತ್ತು. ಕಂಬವನ್ನು ಕಿತ್ತಿದ್ದರೂ ಆತ ಅಲ್ಲಿಯೇ ನಿಲ್ಲಿಸುತ್ತಿದ್ದ.

ಆ ಫೈರ್‌ಮನ್ನನ್ನು ಗೂಳಿ ಎನ್ನುತ್ತಿದ್ದರು. ದಪ್ಪ ಕುತ್ತಿಗೆ, ಸನಿಕೆ ಹಿಡಿದರೆ ಮಣ್ಣಿಗೂ ಬೆಂಕಿ ಹತ್ತೀತು ಎಂಬಂಥ ತೋಳು, ನಿಲ್ದಾಣದ ಹೊರಗೂ ಕೇಳಿಸುವ ಗಂಟಲು. ಅವನಿನ್ನೂ ಉಗಿಯ ಸರಕು ಗಾಡಿಯಲ್ಲಿದ್ದ. ಡೀಸೆಲ್ಲಿಗೆ ಅವನನ್ನು ಆರಿಸಿರಲಿಲ್ಲ. ಸರಕು ಗಾಡಿ ನಿಂತ ಮೇಲೆ ರಸ್ತೆಯ ಗೇಟೊಂದನ್ನು ಹಾಕಿ ತೆಗೆಯುವ ಕೆಲಸ ಅವನಿಗೆ ಗೊತ್ತಾಗಿತ್ತು. ಗುಂಡುಸೂಜಿ ಅವನನ್ನು ಹುಡುಕಿಕೊಂಡು ಹೋದಾಗ ಅವನು ಚಹಾ ಅಂಗಡಿಯ ಬೆಂಚಿನಲ್ಲಿದ್ದ, ನಾನೂ ಅಲ್ಲಿದ್ದೆ.

ಎಲ್ಲವನ್ನೂ ಕೇಳಿದ ಮೇಲೆ ಗೂಳಿ, "ಅಂದ್ರೆ ನನ್ ಕೂಗೇ ನಿನಗೆ ಮುಳ್ಳಾಯ್ತಾ ಅಣ್ಣ?" ಎಂದ.

"ಮುಳ್ಳಲ್ಲ ಕಣೋ. ಹೊಕ್ಕೊಂಡ್‌ಬಿಟ್ಟಿದೆ. ನೀನೇ ತೆಗೀಬೇಕು."

"ನಾನು ಗೇಟು ಕಾಯೋನು ಇನ್ಮೇಲೆ. ನೀನು ಬಿಳಿ ಅಂಗಿ ಹಾಕ್ಕೊಂಡು ಹೋಗ್ತಿದ್ರೆ ನಿನಗೆ ಗೇಟ್ ಹಾಕ್ಬೇಕು. ಅದಕ್ಕೂ ನಾನೇ ಬೇಕು, ಇದಕ್ಕೂ ನಾನೇ ಬೇಕು."

"ಬೇಡ ಅಂದ್ರೆ ಬೇಡ ಅನ್ನು."

ಗೂಳಿ ಲೋಟದಲ್ಲಿ ಉಳಿದದ್ದನ್ನು ಕುಡಿದು ಮುಗಿಸಿ, "ಏನಂತ ಕೂಗ್ಬೇಕು ಹೇಳು" ಎಂದ.

ಮುಂದಿನ ವಾರಗಳಲ್ಲಿ, ಇಬ್ಬರಿಗೂ ಬಿಡುವಿದ್ದಾಗಲೆಲ್ಲ, ಇಬ್ಬರೂ ಗಾರ್ಡಿನ ಡಬ್ಬಿಯಲ್ಲಿ ಬಂದರು. ಡಬ್ಬಿ ಸೇತುವೆ ಹತ್ತಿದೊಡನೆ ಗೂಳಿ "ಬಿಡು!" ಎಂದು ಕೂಗುವನು. ಗುಂಡುಸೂಜಿ ಏಳುತ್ತಿದ್ದ ಕೈಯನ್ನು ಮಂಡಿಯ ಮೇಲೆ ಇಳಿಸುವನು. ಗಾಡಿ ನಿಂತು ಮತ್ತೆ ಹೊರಟು, ಡಬ್ಬಿ ಪ್ಲಾಟ್‌ಫಾರ್ಮಿನ ಮಧ್ಯದ ಗಡಿಯಾರ ದಾಟಿದ ಮೇಲೆ ಗೂಳಿ "ಹೂಂ" ಎನ್ನುವನು. ಆಗ ಕೈ ಎಳೆಯಬಹುದು. ಪಕ್ಕದ ಬೋಗಿಯ ಪ್ರಯಾಣಿಕರು ಇದನ್ನು ಕೇಳಿ ಹುಚ್ಚನನ್ನು ಎಲ್ಲಿಗೋ ಸಾಗಿಸುತ್ತಿದ್ದಾರೆಂದು ತಿಳಿದಿದ್ದರು. "ಇಬ್ರಲ್ಲಿ ಯಾರಿಗ್ರೀ ಹುಚ್ಚು?" ಎಂದು ಒಬ್ಬಾಕೆ ಗಾರ್ಡನ್ನು ಕೇಳಿದಳಂತೆ. "ಒಬ್ಬ ನಮ್ ಭಾವ, ಅದಕ್ಕೇ ಹೇಳೋಕಾಗಲ್ಲ" ಎಂದನಂತೆ ಅವನು.

ಮೂರನೆಯ ಓಟದ ದಿನ ನಾನು ಪ್ಲಾಟ್‌ಫಾರ್ಮಿನಲ್ಲಿದ್ದೆ. ಎಂಜಿನ್ನಿನೊಳಗೆ ನಡೆದದ್ದನ್ನು ಇನ್‌ಸ್ಪೆಕ್ಟರೇ ನನಗೆ ಅನಂತರ ಹೇಳಿದರು, ಊಹಿಸಿ ಬರೆಯುತ್ತಿಲ್ಲ. ಬಾಗು ಕಳೆಯಿತು. ಸೇತುವೆಯ ಸದ್ದು ಬಂತು. ಗುಂಡುಸೂಜಿಯ ಬಲಗೈ ಮಂಡಿಯ ಮೇಲಿಂದ ಎದ್ದಿತು. ಆಗ ಆತ, ಪಕ್ಕದಲ್ಲಿ ಮೇಲಧಿಕಾರಿ ಇರುವುದನ್ನೂ ಲೆಕ್ಕಿಸದೆ, ಗಟ್ಟಿಯಾಗಿ "ಬಿಡು!" ಎಂದ.

ಇನ್‌ಸ್ಪೆಕ್ಟರು ಬೆಚ್ಚಿಬಿದ್ದು, "ಯಾರಿಗ್ರೀ ಹೇಳ್ತಿರೋದು? ನನಗಾ?" ಎಂದರು.

"ನಿಮಗಲ್ಲ ಸಾರ್, ಕೈಗೆ."

ಕೈ ಇಳಿಯಿತು. ಗಡಿಯಾರ ದಾಟಿತು. ಬ್ರೇಕು ಬಿತ್ತು. ಎಂಜಿನ್ನು ನೀರಿನ ಕಂಬವನ್ನು ಹಿಂದೆ ಹಾಕಿ, ಹಳದಿ ಫಲಕಕ್ಕೆ ಒಂದು ಮಾರಿನಷ್ಟು ಮೊದಲು ನಿಂತಿತು. ಸತ್ಯ ಹೇಳಬೇಕೆಂದರೆ, ನಾನು ಕಂಡಂತೆ ಆತ ತನ್ನ ನೌಕರಿಯಲ್ಲಿ ಮಾಡಿದ ಅತ್ಯಂತ ಒರಟು ನಿಲುಗಡೆ ಅದು. ಬೋಗಿಗಳು ಒಂದಕ್ಕೊಂದು ಗುದ್ದಿಕೊಂಡವು. ನನ್ನ ಮುಂದಿನ ಬೋಗಿಯಲ್ಲಿ ಬಾಗಿಲಿಗೆ ಬಂದಿದ್ದವನೊಬ್ಬ ಹಿಂದಿನವನ ಕಾಲು ತುಳಿದು ಬೈಸಿಕೊಂಡ.

"ಸ್ವಲ್ಪ ಕುಲುಕಿತಲ್ರೀ" ಎಂದರು ಇನ್‌ಸ್ಪೆಕ್ಟರು.

"ಕುಲುಕ್ಲಿ ಸಾರ್. ಬೋಗಿ ಎಲ್ಲಾ ಒಳಗಿದಾವಾ?"

ಎಲ್ಲವೂ ಒಳಗಿದ್ದವು. ಹಿಂದಿನಿಂದ ಗಾರ್ಡು ಪ್ಲಾಟ್‌ಫಾರ್ಮಿನ ಮೇಲೆ ಓಡಿಬಂದು, "ನನ್ ಡಬ್ಬೀನೂ ಒಳಗಿದೆ ಭಾವ!" ಎಂದು ಇಡೀ ನಿಲ್ದಾಣಕ್ಕೆ ಸಾರಿದ. ಇನ್‌ಸ್ಪೆಕ್ಟರು ಅಲ್ಲಿಯೇ ಸಹಿ ಮಾಡಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೆ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಉಗಿಯ ಸರಕು ಗಾಡಿಯ ಕೊನೆಯ ಓಟ ಗೊತ್ತಾಯಿತು. ಮೇಲಿನ ಕಚೇರಿಗೆ ಅದನ್ನು ಒಂದು ಸಮಾರಂಭವಾಗಿ ಮಾಡುವ ಆಸೆ. ಬಣ್ಣದ ಕಾಗದ, ವಾದ್ಯ, ಪತ್ರಿಕೆಯವರು. ಹಳೆಯ ಡ್ರೈವರುಗಳಲ್ಲಿ ಹೆಸರಾದವನೆಂದು ಗುಂಡುಸೂಜಿಯೇ ಆ ಎಂಜಿನ್ನನ್ನು ನಡೆಸಲಿ ಎಂದು ಕೇಳಿದರು. ಅದು ಆಜ್ಞೆಯಲ್ಲ, ಕೋರಿಕೆ. ಆತ ಒಲ್ಲೆನೆಂದ. ಅವರಿಗೆ ಆಶ್ಚರ್ಯವಾಯಿತು, ಬೇರೊಬ್ಬ ಡ್ರೈವರನ್ನು ಒಪ್ಪಿಸಿದರು.

ಅವರಿಗೆ ಹೇಳಿದಷ್ಟು ಸುಲಭವಾಗಿ ಗೂಳಿಗೆ ಹೇಳಲಾಗಲಿಲ್ಲ. ಆ ಓಟದಲ್ಲಿ ಸನಿಕೆ ಹಿಡಿಯುವವನು ಗೂಳಿ. ಅವನು ನನ್ನ ಕಚೇರಿಗೇ ಬಂದ, ಏಕೆಂದರೆ ಗುಂಡುಸೂಜಿ ಅಲ್ಲಿ ಕುಳಿತಿದ್ದ.

"ಒಂದೇ ಒಂದು ಸಲ ಅಣ್ಣ. ಸೇತುವೆ ಹತ್ರ ನಾನು ನೀರು ಅಂತ ಕೂಗ್ಬೇಕು, ನೀನು ನಿಲ್ಲಿಸ್ಬೇಕು. ಅಷ್ಟೇ. ಆಮೇಲೆ ಗೇಟಿಗೆ ಹೋಗ್ತೀನಿ, ಮಾತೇ ಆಡಲ್ಲ."

"ಅಷ್ಟೇ ಅಂತೀಯ. ಮಾರನೇ ದಿನ ನನ್ ಹಿಂದೆ ಜನ ತುಂಬಿದ ಗಾಡಿ ಇರುತ್ತೆ ಕಣೋ."

"ಒಂದು ಸಲಕ್ಕೆ ಕೈ ಮರೆತುಬಿಡುತ್ತಾ?"

"ಹಳೇದನ್ನ ಮರೆಯೋಕೆ ಎಷ್ಟು ಒದ್ದಾಡ್ತು, ನೀನೇ ನೋಡಿದ್ದೀಯ. ಹೊಸದನ್ನ ಮರೆಯೋಕೆ ಅಷ್ಟು ಬೇಕಾ? ಆ ವ್ಯಾಪಾರಿ ಕೈ ಇನ್ನೂ ಪಟ್ಟಿಯಲ್ಲೇ ಇದೆ."

"ನೀನು ಕರೆದಾಗ ನಾನು ಬಂದೆ" ಎಂದ ಗೂಳಿ. "ನಾನು ಕರೆದ್ರೆ ನೀನು ಬರಲ್ಲ."

ಗುಂಡುಸೂಜಿ ತಲೆಯೆತ್ತಲಿಲ್ಲ. "ಬರಲ್ಲ" ಎಂದ.

ಗೂಳಿ ಹೊರಟುಹೋದ. ನಿಲ್ದಾಣದಲ್ಲಿ ಈ ಸುದ್ದಿ ಹರಡಿ ಬಹಳ ಜನ ಗುಂಡುಸೂಜಿಯನ್ನು ಕೃತಘ್ನನೆಂದರು. ಬಿಳಿ ಅಂಗಿ ತಲೆಗೇರಿದೆ ಎಂದರು. ಪಾಯಿಂಟ್ಸ್‌ಮನ್ ಆತನಿಗೆ ನಮಸ್ಕಾರ ಹಾಕುವುದನ್ನೂ ನಿಲ್ಲಿಸಿದ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಈಗ ಹೇಳುತ್ತೇನೆ. ಆತ ಮಾಡಿದ್ದು ಸರಿ. ಸ್ನೇಹಿತನ ಸಂತೋಷಕ್ಕಾಗಿ ಅಪರಿಚಿತನೊಬ್ಬನ ಮುಂಗೈಯನ್ನು ಪಣಕ್ಕೆ ಒಡ್ಡುವ ಅಧಿಕಾರ ಡ್ರೈವರಿಗಿಲ್ಲ. ಹಾಗೆಂದು ಅದು ಸುಲಭವಾಗಿತ್ತೆಂದು ನಾನು ಹೇಳುತ್ತಿಲ್ಲ. ಗೋಡೆಯ ಆಚೆ ಮೂರು ದಿನ ಊಟದ ಹೊತ್ತಿನಲ್ಲಿ ಆತ ಸಾಕು ಸಾಕೆನ್ನುತ್ತಿದ್ದ, ನಾಲ್ಕನೆಯ ದಿನ ಹೆಂಡತಿ, "ಹೋಗೋದಾದ್ರೆ ಹೋಗ್ಬನ್ನಿ, ಹೋಗಲ್ಲ ಅಂದ್ರೆ ಊಟ ಮಾಡಿ. ಎರಡೂ ಬಿಟ್ಟು ತಟ್ಟೆ ನೋಡ್ತಾ ಕೂತ್ಕೋಬೇಡಿ" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಬಳಿಕ ಇನ್ನಷ್ಟು ಬಡಿಸೆಂದು ಆತ ಕೇಳಿದ.

ಕೊನೆಯ ಉಗಿ ಗಾಡಿಯನ್ನು ಈ ಡ್ರೈವರು ಕಣ್ಣೀರು ಸುರಿಸುತ್ತ ನಡೆಸಿದನೆಂದು ಎರಡು ಕಡೆ ಅಚ್ಚಾಗಿದೆ. ಅದರ ಜೊತೆಗಿನ ಚಿತ್ರದಲ್ಲಿರುವವನು ಬೇರೆ ಮನುಷ್ಯ. ಅವನ ಕಣ್ಣಲ್ಲಿದ್ದುದು ಎಂದಿನ ಕಿಡಿ. ಗುಂಡುಸೂಜಿ ಆ ಹೊತ್ತಿನಲ್ಲಿ ಎಲ್ಲಿದ್ದನೆಂದರೆ, ಎಂದಿನ ಹಗಲಿನ ಪ್ಯಾಸೆಂಜರ್ ಗಾಡಿಯ ಡೀಸೆಲ್ಲಿನಲ್ಲಿ, ನಮ್ಮ ನಿಲ್ದಾಣದತ್ತ ಬರುತ್ತ.

ಸರಕು ಗಾಡಿಯನ್ನು ನಾನು ಪಕ್ಕದ ಹಳಿಯಲ್ಲಿ ನಿಲ್ಲಿಸಿಕೊಂಡಿದ್ದೆ. ಎಂಜಿನ್ನು ಕಂಬದ ಕೆಳಗಿತ್ತು. ಗೂಳಿ ಟೆಂಡರಿನ ಮೇಲೆ ಹತ್ತಿ, ಎರಡೂ ಕೈಯಿಂದ ಚರ್ಮದ ಕೊಳವೆಯನ್ನು ಬಾಯೊಳಗೆ ಹಿಡಿದು ನೀರು ತುಂಬುತ್ತಿದ್ದ. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾದ್ಯದವರು ಬಾರಿಸುತ್ತಲೇ ಇದ್ದರು. ಅದರ ನಡುವೆಯೇ ಸೇತುವೆಯ ಸದ್ದು ನನಗೆ ಕೇಳಿಸಿತು. ಟೆಂಡರಿನ ಮೇಲಿದ್ದ ಗೂಳಿಯೂ ಕತ್ತೆತ್ತಿ ಆ ಕಡೆ ನೋಡಿದ. ಅವನ ಗಂಟಲು ನಿಲ್ದಾಣದ ಹೊರಗೂ ಕೇಳಿಸುವಂಥದೆಂದು ಮೊದಲೇ ಹೇಳಿದ್ದೇನೆ. ಅವನು ಏನಾದರೂ ಕೂಗಿಯಾನೇ ಎಂದು ನಾನು ಉಸಿರು ಹಿಡಿದೆ. ಕೂಗಲಿಲ್ಲ.

ಡೀಸೆಲ್ಲು ಬಂತು, ಕಂಬವನ್ನು ದಾಟಿತು, ಫಲಕದ ಬಳಿ ನಿಂತಿತು. ಈ ಸಲ ಕುಲುಕಲಿಲ್ಲ. ಹೊರಡುವ ಮೊದಲು ಗಾರ್ಡಿನ ಬಾವುಟಕ್ಕಾಗಿ ಹಿಂದಿರುಗಿ ನೋಡುವುದು ನಿಯಮ. ಗುಂಡುಸೂಜಿ ತಲೆ ಹೊರಹಾಕಿದ. ಹಿಂದೆ ಟೆಂಡರಿನ ಮೇಲೆ, ತೊಯ್ದು ತೊಪ್ಪೆಯಾಗಿ, ಗೂಳಿ ಆತನನ್ನೇ ನೋಡುತ್ತ ನಿಂತಿದ್ದ.

"ಏನಣ್ಣ ನೋಡ್ತೀಯ? ಹೋಗು ಹೋಗು, ಜಾಗ ಬಿಡು!" ಎಂದು ಅವನು ವಾದ್ಯದ ಮೇಲೆ ಕೂಗಿದ. "ನನ್ ಫೋಟೋ ತೆಗೀಬೇಕಂತೆ, ನಿನ್ ಗಾಡಿ ಅಡ್ಡ ಬರ್ತಿದೆ!"

ಗುಂಡುಸೂಜಿ ಕೈಯೆತ್ತಿದ. ಬಾವುಟ ಬೀಸಲು ಮಾತ್ರ ತಡವಾಯಿತು. ಕೊನೆಯ ಬೋಗಿಯಿಂದ ಇಳಿದವರಿಗೆ ಜನಸಂದಣಿಯಲ್ಲಿ ಮುಂದೆ ಹೋಗಲು ದಾರಿ ಸಿಗುತ್ತಿರಲಿಲ್ಲ. "ಏನ್ ನಡೀತಿದೆ ಇಲ್ಲಿ? ಪ್ಲಾಟ್‌ಫಾರ್ಮ್ ಮೇಲೆ ಇಳ್ಯೋಕೂ ಬಿಡಲ್ವಾ?" ಎಂದು ಒಬ್ಬರು ನನ್ನ ಮೇಲೆ ರೇಗಿದರು. ನಾನು ಕ್ಷಮೆ ಕೇಳಿ ಅವರಿಗೆ ದಾರಿ ಬಿಡಿಸಿದೆ.